ಬೇಳೆ ಬೇಯುವ ನೀರು

ಹೊಸ ಊರಿನಲ್ಲಿ ಮನೆ ಹಿಡಿದವರನ್ನು ಹಳೆಯ ತಲೆಮಾರಿನ ಹೆಂಗಸರು ಮೊದಲು ಕೇಳುತ್ತಿದ್ದುದು ಬಾಡಿಗೆಯ ವಿಚಾರವನ್ನಲ್ಲ. ‘ಅಲ್ಲಿಯ ನೀರಿನಲ್ಲಿ ಬೇಳೆ ಬೇಯುತ್ತದೆಯೇ?’ ಎಂಬುದು ಅವರ ಪ್ರಶ್ನೆ. ಬೇಳೆ ಬೇಗ ಬೆಂದರೆ ಅದು ಸಿಹಿನೀರು, ಒಳ್ಳೆಯ ನೀರು. ಎಷ್ಟು ಸೌದೆ ಉರಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿದರೆ, ಸೋಪು ನೊರೆ ಬಾರದಿದ್ದರೆ, ಬಚ್ಚಲ ಹಂಡೆಯೊಳಗೆ ಸುಣ್ಣದಂಥ ಬಿಳಿ ಚಕ್ಕೆ ಕಟ್ಟಿದರೆ ಅದು ಗಡಸು ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿನೊಂದಿಗೆ ಸೇರಿ ಅದನ್ನು ಇನ್ನಷ್ಟು ಬಿಗಿಯಾಗಿಸುತ್ತವೆ ಎಂದು ರಸಾಯನಶಾಸ್ತ್ರ ಹೇಳುವುದಕ್ಕೆ ಬಹಳ ಮೊದಲೇ ನಮ್ಮ ಅಡುಗೆಮನೆಗಳು ಈ ಪರೀಕ್ಷೆಯನ್ನು ನಡೆಸುತ್ತಿದ್ದವು.

ಇಂದು ಆ ಪರೀಕ್ಷೆಯ ಜಾಗದಲ್ಲಿ ಪೆನ್ನಿನ ಗಾತ್ರದ ಒಂದು ಮೀಟರು ಬಂದಿದೆ. ನೀರಿಗೆ ಅದ್ದಿದರೆ ಟಿ.ಡಿ.ಎಸ್., ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನಪದಾರ್ಥದ ಪ್ರಮಾಣ, ಅಂಕಿಯಾಗಿ ಮೂಡುತ್ತದೆ. ಅಂಕಿ ಇಳಿದಷ್ಟೂ ನೀರು ಶುದ್ಧ ಎಂಬ ನಂಬಿಕೆ ತುಮಕೂರಿನಂಥ ನಗರದಲ್ಲೂ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲೂ ಬೇರುಬಿಟ್ಟಿದೆ. ಇನ್ನೊಂದು ಕಡೆ, ಹಾಗೆ ಸೋಸಿದ ನೀರಿನಲ್ಲಿ ಸತ್ವವೇ ಇರುವುದಿಲ್ಲ, ಕುಡಿದರೆ ಮೂಳೆ ಸವೆಯುತ್ತದೆ ಎಂಬ ಭಯವೂ ಅಷ್ಟೇ ವೇಗದಲ್ಲಿ ಹಬ್ಬುತ್ತಿದೆ. ಈ ನಂಬಿಕೆ ಮತ್ತು ಭಯ ಎರಡನ್ನೂ ತೂಗಿ ನೋಡಬೇಕಾದರೆ ‘ಶುದ್ಧ ನೀರು’ ಎಂಬ ಮಾತಿನ ಅರ್ಥ ನಮ್ಮಲ್ಲಿ ಹೇಗೆ ಬದಲಾಗುತ್ತ ಬಂದಿತೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡುವುದು ಅಗತ್ಯ.

ಬಟ್ಟೆಯಲ್ಲಿ ಸೋಸಿದ ನೀರು

ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುವುದು ಶುದ್ಧೀಕರಣದ ಮೊದಲ ಹಂತ. ಕಲಕಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಸುಶ್ರುತ ಸಂಹಿತೆ ಪಟ್ಟಿಮಾಡುತ್ತದೆ. ಅದರಲ್ಲಿ ಕತಕ ಬೀಜ ಮೊದಲನೆಯದು, ಬಟ್ಟೆಯೂ ಅದರಲ್ಲಿದೆ. ಕತಕವೆಂದರೆ ನಮ್ಮ ಕಾಡುಗಳಲ್ಲಿ ಬೆಳೆಯುವ ಚಿಲ್ಲದ ಮರದ ಬೀಜ. ಅದನ್ನು ಕಲ್ಲಿನ ಮೇಲೆ ತೇಯ್ದು ನೀರಿಗೆ ಬೆರೆಸಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಇಳಿಯುತ್ತವೆ. ಪಟಿಕ ಮಾಡುವ ಕೆಲಸವೂ ಇದೇ. ಇಂದಿಗೂ ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಮೊದಲ ಕ್ರಮ ಪಟಿಕ ಬೆರೆಸುವುದೇ ಆಗಿದೆ.

ಕನ್ನಡ ನಾಡಿನಲ್ಲಿ ನೀರು ಸೋಸುವುದಕ್ಕೆ ಮತ್ತೊಂದು ಪರಂಪರೆಯೂ ಉಂಟು. ಜೈನರು ನೀರನ್ನು ಬಟ್ಟೆಯಲ್ಲಿ ಗಾಳಿಸಿಯೇ ಬಳಸಬೇಕೆಂದು ವಿಧಿಸಿಕೊಂಡರು. ಅಲ್ಲಿಯ ಉದ್ದೇಶ ಕುಡಿಯುವವನ ಆರೋಗ್ಯಕ್ಕಿಂತ ನೀರಿನಲ್ಲಿರುವ ಜೀವಿಗಳ ರಕ್ಷಣೆ. ಆದ್ದರಿಂದಲೇ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ನೀರಿನ ಮೂಲಕ್ಕೆ ಹಿಂದಿರುಗಿಸಬೇಕೆಂಬ ನಿಯಮವೂ ಇದೆ.

ಈ ಸರಳ ಬಟ್ಟೆಯ ಶಕ್ತಿಯನ್ನು ಇಪ್ಪತ್ತನೆಯ ಶತಮಾನ ಮತ್ತೆ ಕಂಡುಕೊಂಡಿತು. ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಮೆಟ್ಟಿಲು ಬಾವಿಗಳಲ್ಲಿ ಇಳಿದು ನೀರು ತುಂಬುತ್ತಿದ್ದ ಜನರನ್ನು ನಾರುಹುಣ್ಣು ಕಾಡುತ್ತಿತ್ತು. ನೀರಿನಲ್ಲಿರುವ ಪುಟ್ಟ ಚಿಪ್ಪುಜೀವಿಯೊಂದರ ಮೂಲಕ ಹೊಟ್ಟೆ ಸೇರಿದ ಹುಳು ವರ್ಷದ ನಂತರ ದಾರದಂತೆ ಕಾಲಿನಿಂದ ಹೊರಬರುತ್ತಿತ್ತು. ಇದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಮುಖ್ಯವಾಗಿ ನೆಚ್ಚಿಕೊಂಡದ್ದು ನೀರು ಸೋಸುವ ಬಟ್ಟೆಯನ್ನು, ಮೆಟ್ಟಿಲು ಬಾವಿಗಳನ್ನು ಮುಚ್ಚಿ ಬೇರೆ ನೀರು ಒದಗಿಸುವುದನ್ನು ಮತ್ತು ತಿಳಿವಳಿಕೆಯನ್ನು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಬಾಂಗ್ಲಾದೇಶದಲ್ಲಿ ರೀಟಾ ಕಾಲ್‌ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದೇ. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಕಡಿಮೆಯಾಗಿತ್ತು.

ಆದರೆ ಬಟ್ಟೆಗೆ ಒಂದು ಮಿತಿಯಿದೆ. ಕಾಲರಾ ಅಣುಜೀವಿಗಳು ಅಂಟಿಕೊಂಡಿರುವ ದೊಡ್ಡ ಜೀವಿಗಳನ್ನು ಅದು ಹಿಡಿಯಬಲ್ಲದು, ಬಿಡಿಯಾಗಿ ತೇಲುವ ಅಣುಜೀವಿಯನ್ನು ಹಿಡಿಯಲಾರದು. ಅದಕ್ಕೆ ಬೇರೆ ಉಪಾಯ ಬೇಕಾಯಿತು.

ಮರಳು ಮತ್ತು ಬ್ಲೀಚಿಂಗ್ ಪುಡಿ

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ 8,600ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳು ಕುಡಿಯುತ್ತಿದ್ದುದು ಎಲ್ಬೆ ನದಿಯ ನೀರನ್ನೇ. ವ್ಯತ್ಯಾಸ ಇಷ್ಟೆ: ಹ್ಯಾಂಬರ್ಗ್ ಅದನ್ನು ಹಾಗೆಯೇ ಹಂಚುತ್ತಿತ್ತು, ಆಲ್ಟೋನಾ ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಹಂಚುತ್ತಿತ್ತು. ರಾಬರ್ಟ್ ಕಾಕ್ ಈ ಎರಡು ಊರುಗಳನ್ನು ಹೋಲಿಸಿ ಬರೆದ ಮೇಲೆ ಮರಳು ಶೋಧಕದ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ತನ್ನ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸಲು ತೊಡಗಿತು. ಬೇಗನೆ ಅದು ಜಗತ್ತಿನ ರೂಢಿಯಾಯಿತು.

ಮೈಸೂರು ಸಂಸ್ಥಾನವೂ ಈ ಬದಲಾವಣೆಯಿಂದ ದೂರ ಉಳಿಯಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹೆಸರಘಟ್ಟ ಕೆರೆಯ ನೀರನ್ನು ಬೆಂಗಳೂರಿಗೆ ತರುವ ಕೆಲಸ 1894ರಲ್ಲಿ ಆರಂಭವಾಗಿ 1896ರಲ್ಲಿ ನೀರು ನಗರವನ್ನು ಮುಟ್ಟಿತು. ಮಲ್ಲೇಶ್ವರದ ಬಳಿಯ ‘ಜ್ಯುವೆಲ್ ಫಿಲ್ಟರ್ಸ್’ ಎಂಬ ಸ್ಥಳನಾಮ ಅಲ್ಲಿದ್ದ ಮರಳು ಶೋಧಕಗಳ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಸಣ್ಣ ಊರುಗಳಲ್ಲಿ ಪುರಸಭೆಯವರು ಸೇದುವ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ಜಾತ್ರೆ, ಮಳೆಗಾಲಗಳ ವಾಡಿಕೆಯಾಯಿತು. ಮಧ್ಯಮ ವರ್ಗದ ಮನೆಗಳಿಗೆ ಪಿಂಗಾಣಿ ಕ್ಯಾಂಡಲ್ ಇರುವ ಸ್ಟೀಲಿನ ಫಿಲ್ಟರ್ ಬಂತು. ಅದರ ಮೂಲ ಪ್ಯಾರಿಸ್ಸಿನಲ್ಲಿ ಪಾಸ್ಚರರ ಸಹಾಯಕ ಶಾಂಬರ್ಲಾಂಡ್ 1884ರಲ್ಲಿ ರೂಪಿಸಿದ ಪಿಂಗಾಣಿ ಶೋಧಕದಲ್ಲಿದೆ.

ಇಲ್ಲಿಯವರೆಗಿನ ಎಲ್ಲ ಸಾಧನಗಳಿಗೂ ಒಂದು ಸಮಾನ ಗುಣವಿರುವುದನ್ನು ಗಮನಿಸಬೇಕು. ಅವು ನೀರಿನಲ್ಲಿ ಬೆರೆತಿರುವುದನ್ನು ತೆಗೆಯುತ್ತವೆ ಅಥವಾ ಕೊಲ್ಲುತ್ತವೆ; ನೀರಿನಲ್ಲಿ ಕರಗಿರುವುದನ್ನು ಮುಟ್ಟುವುದಿಲ್ಲ. ಕುದಿಸಿದರೂ ಅಷ್ಟೆ. ಅಣುಜೀವಿ ಸಾಯುತ್ತದೆ, ಸ್ವಲ್ಪ ಗಡಸುತನ ಪಾತ್ರೆಯ ತಳ ಸೇರುತ್ತದೆ, ಉಳಿದ ಲವಣಗಳು ಹಾಗೆಯೇ ಇರುತ್ತವೆ. ಕೆರೆ, ಹೊಳೆ, ತೆರೆದ ಬಾವಿಗಳ ನೀರು ಕುಡಿಯುವವರೆಗೆ ಇದು ದೊಡ್ಡ ಕೊರತೆಯೆನಿಸಿರಲಿಲ್ಲ.

ನೀರ್‌ಸಾಬರ ಕಾಲ

ಕುಡಿಯುವ ನೀರಿನ ಮೂಲವೇ ಬದಲಾದದ್ದು ಕೊಳವೆ ಬಾವಿಗಳಿಂದ. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರಿನ ದಶಕವೆಂದು ಸಾರಿತು. ಕರ್ನಾಟಕದಲ್ಲಿ ಆ ದಶಕಕ್ಕೆ ಮುಖವಾದವರು ಅಬ್ದುಲ್ ನಜೀರ್ ಸಾಬ್. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೂ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸುವುದನ್ನೇ ಹಟವಾಗಿ ಹಿಡಿದರು. 1988ರಲ್ಲಿ ಅವರು ತೀರಿಕೊಂಡಾಗ ಜನ ಅವರನ್ನು ನೆನೆದದ್ದು ‘ನೀರ್‌ಸಾಬ್’ ಎಂದೇ.

ಆ ಕೆಲಸದ ಬೆಲೆಯನ್ನು ಇಂದು ಕಡಿಮೆ ಮಾಡಿ ಹೇಳುವಂತಿಲ್ಲ. ಮೈಲಿಗಟ್ಟಲೆ ನಡೆದು ಕೆಸರು ನೀರು ಹೊರುತ್ತಿದ್ದ ಹೆಂಗಸರಿಗೆ ಊರಿನಲ್ಲೇ ನೀರು ಸಿಕ್ಕಿತು. ನೆಲದ ಆಳದಿಂದ ಬರುವ ಆ ನೀರಿನಲ್ಲಿ ಕಾಲರಾ, ನಾರುಹುಣ್ಣುಗಳ ಭಯ ಬಹಳ ಕಡಿಮೆ. ಕಣ್ಣಿಗೆ ತಿಳಿ, ಮುಟ್ಟಿದರೆ ತಣ್ಣಗೆ. ಆದರೆ ವರ್ಷಗಳು ಕಳೆದಂತೆ ಅಂತರ್ಜಲ ಕುಸಿಯಿತು, ಕೊರೆತ ಆಳವಾಯಿತು. ಕೆರೆಯ ನೀರು ಮಳೆಯಿಂದ ಬಂದು ಕೆಲವು ತಿಂಗಳಷ್ಟೇ ಕಳೆದಿರುತ್ತದೆ. ಆಳದ ಬಂಡೆಯ ಬಿರುಕುಗಳಲ್ಲಿ ಸಿಕ್ಕ ನೀರು ಎಷ್ಟೋ ವರ್ಷಗಳ ಕಾಲ ಕಲ್ಲಿನೊಡನೆ ಬೆರೆತು ಅದರ ಲವಣಗಳನ್ನು ಕರಗಿಸಿಕೊಂಡಿರುತ್ತದೆ.

ಗಂಗಾನದಿಯ ಬಯಲಿನಲ್ಲೂ ಇಂಥದೇ ಆಯಿತು. ಅಣುಜೀವಿಗಳಿಂದ ಪಾರಾಗಲೆಂದು ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳಲ್ಲಿ ಹಾಕಿದ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ವಿಷವಿರುವುದು 1980ರ ದಶಕದಿಂದ ಒಂದೊಂದಾಗಿ ಬೆಳಕಿಗೆ ಬಂತು. ನಮ್ಮ ಪಾಲಿಗೆ ಬಂದದ್ದು ಫ್ಲೋರೈಡ್.

ಎತ್ತುಗಳು ಮೊದಲು ಕಂಡ ರೋಗ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂಬ ಹೆಸರು 2023ರ ಫೆಬ್ರುವರಿಯಲ್ಲಿ ಅಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯಿಂದಾಗಿ ನಾಡಿಗೆಲ್ಲ ತಿಳಿಯಿತು. ಕಾವಲ್ ಎಂದರೆ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಕಾವಲುಗಳು ಹೇರಳವಾಗಿದ್ದವು. ಕಾವಲಿನ ದನಗಳು ಕುಡಿಯುತ್ತಿದ್ದುದು ಕಟ್ಟೆ, ಕುಂಟೆಗಳಲ್ಲಿ ನಿಂತ ಮಳೆನೀರನ್ನು. ಅವಕ್ಕೆ ಕಲ್ಲಿನಾಳದ ನೀರಿನ ಪರಿಚಯವಿರಲಿಲ್ಲ. ಬಾವಿಯ ನೀರನ್ನೇ ಕುಡಿದ ದನಗಳ ಕಥೆ ಬೇರೆ. ಭಾರತದಲ್ಲಿ ಫ್ಲೋರೈಡಿನ ಹಾನಿಯನ್ನು ಮೊದಲು ಹೇಳಿದ್ದು ಎತ್ತುಗಳೇ ಎನ್ನಬಹುದು. 1930ರ ದಶಕದಲ್ಲಿ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೈತರು ತಮ್ಮ ಎತ್ತುಗಳ ಕೀಲುಗಳು ಬಿಗಿದು ಉಳುಮೆಗೆ ಬಾರದಂತಾಗುವುದನ್ನು ಕಂಡರು. 1937ರಲ್ಲಿ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು ಅದೇ ಪ್ರದೇಶದ ಮನುಷ್ಯರಲ್ಲೂ ಬೆನ್ನುಮೂಳೆ ಬಿಗಿಯುವ ಈ ರೋಗವನ್ನು ವಿವರಿಸಿ, ಕಾರಣ ಬಾವಿಯ ನೀರಿನಲ್ಲಿರುವ ಫ್ಲೋರೈಡ್ ಎಂದು ತೋರಿಸಿದರು.

ತುಮಕೂರು ಜಿಲ್ಲೆಯ ನೆಲವೂ ಇದಕ್ಕೆ ಅನುಕೂಲಕರವಾದದ್ದೇ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿ ತುಮಕೂರು ಜಿಲ್ಲೆಯನ್ನು ಹಾದು ಉತ್ತರಕ್ಕೆ ಸಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಅದರದೇ ಭಾಗ. ಇಂಥ ಕಲ್ಲಿನಲ್ಲಿರುವ ಅಭ್ರಕ, ಅಪಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಪಟ್ಟೆಗಳು ಇದರ ಗುರುತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ. 3ನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗಳ ಸರದಿ. ಹೀಗೆ ಬಿಗಿದ ಮೂಳೆಯನ್ನು ಸರಿಪಡಿಸುವ ಔಷಧವಿಲ್ಲ.

ಅಡುಗೆಮನೆಯ ಹಳೆಯ ಪರೀಕ್ಷೆ ಸೋಲುವುದು ಇಲ್ಲಿಯೇ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಅಷ್ಟೇ ಅಲ್ಲ, ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಕಲ್ಲಾಗಿ ಉಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡದ ಗುಣ ಹೆಚ್ಚಿರುವ ಮೆದು ನೀರಿನಲ್ಲಿಯೇ ಅದು ಹೆಚ್ಚು ಕರಗುವುದು. ಅಂದರೆ ಬೇಳೆ ಚೆನ್ನಾಗಿ ಬೇಯುವ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರಲಾರದೆಂದು ನಂಬುವಂತಿಲ್ಲ. ಎಷ್ಟೋ ವೇಳೆ ನಿಜ ಇದಕ್ಕೆ ತಿರುಗುಮುರುಗಾಗಿಯೇ ಇರುತ್ತದೆ.

ಕ್ಯಾಲ್ಸಿಯಮ್ಮಿನ ಪಾತ್ರ ಇಷ್ಟಕ್ಕೇ ಮುಗಿಯುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವೈದ್ಯರು 1973ರಲ್ಲಿ ಫ್ಲೋರೈಡ್ ಪ್ರದೇಶದ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ಊನವನ್ನು ವರದಿಮಾಡಿದರು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದವರಿಗೆ ಫ್ಲೋರೈಡಿನ ಪೆಟ್ಟು ಹೆಚ್ಚು ಎಂಬುದು ಮುಂದೆ ಸ್ಪಷ್ಟವಾಯಿತು. ಅದೇ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯಿಂದ ಫ್ಲೋರೈಡ್ ತೆಗೆಯುವ ಅಗ್ಗದ ವಿಧಾನವನ್ನು ರೂಪಿಸಿತು. ನಲ್ಗೊಂಡ ವಿಧಾನವೆಂದು ಅದಕ್ಕೆ ಹೆಸರು. ಆದರೆ ಪ್ರತಿ ನೀರಿಗೂ ಅಳತೆ ಬೇರೆ, ದಿನವೂ ಬೆರೆಸಬೇಕು, ತಳದ ಕೆಸರನ್ನು ಎತ್ತಿ ಹಾಕಬೇಕು. ನೋಡಿಕೊಳ್ಳುವವರಿಲ್ಲದ ಕಡೆ ಇಂಥ ವಿಧಾನಗಳು ಬಾಳಲಿಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ತೆಗೆಯುವ ಯಂತ್ರಕ್ಕೆ ದಾರಿ ತೆರೆದಿತ್ತು.

ಎಲ್ಲವನ್ನೂ ತಡೆಯುವ ಪೊರೆ

ಪ್ರಾಣಿಯ ಮೂತ್ರಕೋಶದ ಪೊರೆ ನೀರನ್ನು ಬಿಟ್ಟು ಬೇರೆ ಪದಾರ್ಥವನ್ನು ತಡೆಯುವುದನ್ನು ಫ್ರಾನ್ಸಿನ ನೊಲೆ 1748ರಲ್ಲೇ ತೋರಿಸಿದ್ದ. ಸಹಜವಾಗಿ ನೀರು ತಿಳಿಯಾದ ಕಡೆಯಿಂದ ಉಪ್ಪು ಹೆಚ್ಚಿರುವ ಕಡೆಗೆ ಹರಿಯುತ್ತದೆ. ಉಪ್ಪಿನ ಕಡೆಯಿಂದ ಬಲವಾಗಿ ಒತ್ತಿದರೆ ಹರಿವು ಹಿಮ್ಮುಖವಾಗುತ್ತದೆ. ನೀರು ದಾಟುತ್ತದೆ, ಉಪ್ಪು ಉಳಿಯುತ್ತದೆ. ಇದೇ ರಿವರ್ಸ್ ಆಸ್ಮಾಸಿಸ್, ಜನರ ಬಾಯಲ್ಲಿ ಆರ್.ಒ. ಇದಕ್ಕೆ ತಕ್ಕ ಪೊರೆಯನ್ನು 1959-60ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಸಿದ್ಧಪಡಿಸಿದ ಇಬ್ಬರಲ್ಲಿ ಒಬ್ಬರು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್, ಮತ್ತೊಬ್ಬರು ಸಿಡ್ನಿ ಲೋಬ್. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಸಣ್ಣ ಊರು ಈ ರೀತಿ ಸೋಸಿದ ನೀರನ್ನು ಕುಡಿಯತೊಡಗಿತು.

ಕರ್ನಾಟಕದ ಹಳ್ಳಿಗಳಿಗೆ ಆರ್.ಒ. ದೊಡ್ಡ ಪ್ರಮಾಣದಲ್ಲಿ ಬಂದದ್ದು 2013ರ ನಂತರ, ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುವ ‘ಶುದ್ಧ ಕುಡಿಯುವ ನೀರಿನ ಘಟಕ’ಗಳು ಊರೂರಿನಲ್ಲಿ ಎದ್ದವು. ಫ್ಲೋರೈಡಿನ ಊರುಗಳಿಗೆ ಅವು ನಿಜವಾದ ಆಸರೆಯಾದವು. ಸುಸ್ಥಿತಿಯಲ್ಲಿರುವ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ. ಆದರೆ ಆ ಪೊರೆಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೊರಗೇ ಉಳಿಯುತ್ತವೆ.

ನಗರದ ಮನೆಗಳಿಗೆ ಆರ್.ಒ. ಬಂದ ದಾರಿ ಬೇರೆ. ಅಲ್ಲಿ ಅದನ್ನು ತಂದದ್ದು ಟಿ.ಡಿ.ಎಸ್. ಮೀಟರು. ಈ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆಂಬುದನ್ನು ಮಾತ್ರ. ಅದರಿಂದ ಲವಣದ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ. ಕಾಲರಾದ ಅಣುಜೀವಿ ಅದಕ್ಕೆ ಕಾಣುವುದಿಲ್ಲ. 300 ಎಂದು ತೋರಿಸುವ ನೀರಿನಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ದರೂ 3 ಮಿಲಿಗ್ರಾಂ ಇದ್ದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ. ಮನೆಬಾಗಿಲಿಗೆ ಬಂದು ತೋರಿಸುವ ಮತ್ತೊಂದು ಪ್ರಯೋಗವನ್ನೂ ಹಲವರು ನೋಡಿರಬಹುದು. ಎರಡು ಲೋಟಗಳಿಗೆ ವಿದ್ಯುತ್ ಕಡ್ಡಿ ಇಳಿಸಿದರೆ ಕೊಳಾಯಿಯ ನೀರು ಕೆಂಪು ಕೆಸರಾಗುತ್ತದೆ, ಆರ್.ಒ. ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕೆಸರು ನೀರಿನಲ್ಲಿ ಇದ್ದುದಲ್ಲ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಕಡ್ಡಿ ಕರಗುವುದಿಲ್ಲ. ಒಳ್ಳೆಯ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದರೂ ಅದೇ ಕೆಸರು ಬರುತ್ತದೆ.

ಸತ್ವವಿಲ್ಲದ ನೀರೇ?

ಹಾಗಾದರೆ ಲವಣ ಕಳೆದ ನೀರು ಅಪಾಯಕಾರಿಯೇ? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. 1957ರಲ್ಲಿ ಜಪಾನಿನ ಜುನ್ ಕೊಬಯಾಶಿ ನದಿನೀರಿನ ಗುಣಕ್ಕೂ ಪಾರ್ಶ್ವವಾಯುವಿನ ಸಾವುಗಳಿಗೂ ಸಂಬಂಧವಿರುವಂತೆ ಕಂಡರು. 1960ರಲ್ಲಿ ಅಮೆರಿಕದ ಹೆನ್ರಿ ಶ್ರೋಡರ್ ಮೆದು ನೀರಿನ ರಾಜ್ಯಗಳಲ್ಲಿ ಹೃದ್ರೋಗದ ಸಾವು ಹೆಚ್ಚೆಂದು ಬರೆದರು. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಬೆಂಬಲಿಸಿವೆ, ಕೆಲವು ಬೆಂಬಲಿಸಿಲ್ಲ. ಮೆಗ್ನೀಸಿಯಂ ವಿಷಯದಲ್ಲಿ ಸಂಬಂಧ ಸ್ವಲ್ಪ ಗಟ್ಟಿಯಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಸಂಪುಟವೊಂದರಲ್ಲಿ ಜೆಕ್ ವಿಜ್ಞಾನಿ ಫ್ರಾಂಟಿಶೆಕ್ ಕೊಜಿಶೆಕ್ ನೀರಿನಲ್ಲಿ ಲೀಟರಿಗೆ ಕನಿಷ್ಠ 20 ಮಿಲಿಗ್ರಾಂ ಕ್ಯಾಲ್ಸಿಯಂ, 10 ಮಿಲಿಗ್ರಾಂ ಮೆಗ್ನೀಸಿಯಂ ಇರುವುದು ಒಳಿತೆಂದು ಸೂಚಿಸಿದರು. ಸಂಸ್ಥೆ ಇದನ್ನು ತನ್ನ ಮಾರ್ಗಸೂಚಿಯಲ್ಲಿ ಕಡ್ಡಾಯ ಮಿತಿಯಾಗಿ ಸೇರಿಸಿಲ್ಲ. 2005ರಿಂದ ಅಶ್ಕೆಲಾನಿನಂಥ ಭಾರಿ ಸ್ಥಾವರಗಳಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸಿ ಕುಡಿಯುತ್ತಿರುವ ಇಸ್ರೇಲಿನಲ್ಲಿ, ನೀರಿಗೆ ಮರಳಿ ಕ್ಯಾಲ್ಸಿಯಂ ಬೆರೆಸುತ್ತಾರೆ. ಮೆಗ್ನೀಸಿಯಂ ಕೂಡ ಬೆರೆಸಬೇಕೇ ಎಂಬ ಚರ್ಚೆ ಅಲ್ಲಿ ಬಹುಕಾಲದಿಂದ ನಡೆದಿದೆ.

ಇದನ್ನು ನಮ್ಮ ತಟ್ಟೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ ಸಿಗುವುದು 100 ಮಿಲಿಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 350 ಮಿಲಿಗ್ರಾಂ. ಅದೆಲ್ಲವೂ ಮೈಗೆ ಹತ್ತುವುದಿಲ್ಲ ನಿಜ. ಆದರೂ ಮುದ್ದೆ, ಸೊಪ್ಪು, ಮಜ್ಜಿಗೆ ಉಣ್ಣುವವರ ಮೂಳೆಯನ್ನು ಆರ್.ಒ. ನೀರು ಸವೆಸುತ್ತದೆಂದು ಹೆದರಬೇಕಾಗಿಲ್ಲ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಆಸುಪಾಸು ಮಾತ್ರ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ. ಮುದ್ದೆ ಬಿಟ್ಟು ಅನ್ನಕ್ಕೆ ಬಂದು, ಹಾಲು ಕಡಿಮೆಮಾಡಿ, ಜೊತೆಗೆ ಲವಣವಿಲ್ಲದ ನೀರಿನಲ್ಲೇ ಕುಡಿಯುವುದನ್ನೂ ಬೇಯಿಸುವುದನ್ನೂ ಮಾಡುವ ಮನೆಯಲ್ಲಿ ಕೊರತೆಗಳು ಒಂದರ ಮೇಲೊಂದು ಸೇರುತ್ತವೆ. ಲವಣವಿಲ್ಲದ ನೀರಿನಲ್ಲಿ ತರಕಾರಿ ಬೇಯಿಸಿ ಬಸಿದರೆ ತರಕಾರಿಯ ಖನಿಜಗಳು ಹೆಚ್ಚಾಗಿ ನೀರಿಗೆ ಇಳಿದು ಹೋಗುತ್ತವೆ. ಹಾಗಾಗಿ ನೀರಿನ ಪ್ರಶ್ನೆಯನ್ನು ಊಟದಿಂದ ಬೇರ್ಪಡಿಸಿ ಕೇಳಿದರೆ ಉತ್ತರ ಸಿಗುವುದಿಲ್ಲ.

ಒಂದೇ ಮನೆ, ಎರಡು ನೀರು

ಮತ್ತೆ ತುಮಕೂರಿನ ಕಡೆ ಬರೋಣ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೊರಟ ಹೇಮಾವತಿಯ ನೀರು ಬಾಗೂರು-ನವಿಲೆ ಸುರಂಗವನ್ನು ದಾಟಿ ಈ ಜಿಲ್ಲೆಗೆ ಬರುತ್ತದೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಲ್ಲಿ ಅದನ್ನು ಸಂಗ್ರಹಿಸಿ, ಶುದ್ಧೀಕರಿಸಿ ಹಂಚಲಾಗುತ್ತದೆ. ಇದು ಮಲೆನಾಡಿನ ಮಳೆಯ ನೀರು. ಲವಣಾಂಶ ಮೊದಲೇ ಕಡಿಮೆ. ನಲ್ಲಿಯಲ್ಲಿ ನೀರು ಬಾರದ ದಿನ ಅದೇ ಮನೆಯ ತೊಟ್ಟಿಗೆ ಕೊಳವೆ ಬಾವಿಯ ನೀರೋ ಟ್ಯಾಂಕರಿನ ನೀರೋ ಸೇರುತ್ತದೆ. ಈ ಎರಡನೆಯದು ಕಲ್ಲಿನಾಳದ ನೀರು. ಎರಡರ ಸ್ವಭಾವವೂ ಬೇರೆ, ಅಪಾಯವೂ ಬೇರೆ. ಆದರೆ ಗೋಡೆಯ ಮೇಲಿನ ಯಂತ್ರ ಒಂದೇ.

ಹೊಳೆಯ ನೀರಿನಲ್ಲಿ ಹೆದರಬೇಕಾದದ್ದು ಕೊಳವೆ ಒಡೆದಾಗ ಒಳಸೇರುವ ಚರಂಡಿಯನ್ನು. ಅದಕ್ಕೆ ಕುದಿಸಿದರೂ ಸಾಕು. ಅಣುಜೀವಿಗಳನ್ನು ಕೊಲ್ಲುವ ಅತಿನೇರಳೆ ದೀಪದ ಫಿಲ್ಟರಾದರೂ ಸಾಕು. ಅಲ್ಲಿ ಆರ್.ಒ. ಹಾಕುವುದೆಂದರೆ ಮೊದಲೇ ಕಡಿಮೆಯಿರುವ ಲವಣವನ್ನು ಕಳೆದು, ಜೊತೆಗೆ ಒಂದು ಕೊಡ ನೀರಿಗೆ ಎರಡು ಮೂರು ಕೊಡ ನೀರನ್ನು ಮೋರಿಗೆ ಬಿಡುವುದು. ಹೇಮಾವತಿಯ ಪಾಲಿಗಾಗಿ ತಾಲ್ಲೂಕು ತಾಲ್ಲೂಕುಗಳೇ ಜಗಳವಾಡುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಿನಲ್ಲಿ ಟಿ.ಡಿ.ಎಸ್. 500ಕ್ಕಿಂತ ಕಡಿಮೆಯಿರುವ ಕಡೆ ಆರ್.ಒ. ಬಳಕೆಯನ್ನು ನಿಷೇಧಿಸಬೇಕೆಂದು ಹೇಳಿದ್ದರ ಹಿಂದೆ ಈ ಎರಡು ಕಾಳಜಿಗಳಿದ್ದವು. ಆದರೆ ಆ 500ರ ಗೆರೆಯೂ ಮೀಟರಿನ ಗೆರೆಯೇ. ಟಿ.ಡಿ.ಎಸ್. 400 ಇದ್ದು ಫ್ಲೋರೈಡ್ 3 ಇರುವ ಕೊಳವೆ ಬಾವಿಗೆ ಆ ಗೆರೆ ನ್ಯಾಯ ಒದಗಿಸಲಾರದು. ಅಲ್ಲಿ ಆರ್.ಒ. ಅಥವಾ ಫ್ಲೋರೈಡ್ ತೆಗೆಯುವ ಬೇರೆ ವ್ಯವಸ್ಥೆ ಬೇಕೇ ಬೇಕು. ಕುದಿಸಿದರೆ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವೇ ಆಗುತ್ತದೆ.

ಆರ್.ಒ. ನೀರಿನ ಇನ್ನೊಂದು ದೌರ್ಬಲ್ಯ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಘಟಕದಿಂದ ಶುದ್ಧವಾಗಿಯೇ ಹೊರಬಂದ ನೀರು ತೊಳೆಯದ ಕ್ಯಾನಿನಲ್ಲಿ, ಕೈ ಅದ್ದಿದ ಪಾತ್ರೆಯಲ್ಲಿ ಮತ್ತೆ ಕೆಡುತ್ತದೆ. ಹಳೆಯ ಶತ್ರುಗಳು ಇನ್ನೂ ಸತ್ತಿಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಸಾವುಗಳಾದವು. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ ಭೇದಿಯಿಂದ ಹಲವರು ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಅಲ್ಲಿಯೂ ಶಂಕೆ ನೀರಿನ ಮೇಲೆಯೇ. ಬ್ಲೀಚಿಂಗ್ ಪುಡಿಯ ಕಾಲ ಮುಗಿಯಿತೆಂದು ತಿಳಿಯುವಂತಿಲ್ಲ.

ಫ್ಲೋರೈಡಿನ ನಿಜವಾದ ಪರಿಹಾರ ಯಂತ್ರದಲ್ಲಲ್ಲ, ಮೂಲವನ್ನು ಬದಲಿಸುವುದರಲ್ಲಿದೆ. 2025ರಲ್ಲಿ ಪಾವಗಡದಲ್ಲಿ ಉದ್ಘಾಟನೆಯಾದ ತುಂಗಭದ್ರಾ ಹಿನ್ನೀರಿನ ಯೋಜನೆಯ ಆಶಯ ಅದೇ: ಕಲ್ಲಿನ ನೀರು ಬಿಟ್ಟು ಹೊಳೆಯ ನೀರು ಕುಡಿಸುವುದು. ಛಾವಣಿಯ ಮಳೆನೀರನ್ನು ಹಿಡಿದಿಟ್ಟು ಅಡುಗೆಗೆ, ಕುಡಿಯಲು ಬಳಸುವುದೂ ಅದೇ ದಾರಿ.

ಅಲ್ಲಿಯವರೆಗೆ, ಯಂತ್ರ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಮನೆಗೆ ಬರುವ ಪ್ರತಿಯೊಂದು ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವುದು. ಜಲಜೀವನ ಮಿಷನ್ ಬಂದ ಮೇಲೆ ಈ ಪ್ರಯೋಗಾಲಯಗಳನ್ನು ಕಡಿಮೆ ಶುಲ್ಕಕ್ಕೆ ಸಾರ್ವಜನಿಕರಿಗೂ ತೆರೆಯಲಾಗಿದೆ. ಅಲ್ಲಿ ಟಿ.ಡಿ.ಎಸ್. ಎಷ್ಟೆಂದು ಕೇಳಿದರೆ ಸಾಲದು. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಗಡಸುತನ ಎಷ್ಟು, ಮಲಮೂಲದ ಅಣುಜೀವಿ ಇದೆಯೇ ಎಂದು ಕೇಳಬೇಕು. ಬಟ್ಟೆ, ಮರಳು, ಪುಡಿ, ಪೊರೆ, ಪ್ರತಿಯೊಂದೂ ತನ್ನ ಕಾಲದ ಒಂದೊಂದು ಕೇಡಿಗೆ ಉತ್ತರವಾಗಿ ಬಂದವು. ನಮ್ಮ ನೀರಿನಲ್ಲಿರುವ ಕೇಡು ಯಾವುದೆಂದು ತಿಳಿಯದೆ ಉತ್ತರವನ್ನು ಮಾತ್ರ ಗೋಡೆಗೆ ನೇತುಹಾಕಿದರೆ ಹಣವೂ ಹೋಗುತ್ತದೆ, ನೀರೂ ಹೋಗುತ್ತದೆ, ಭಯವಂತೂ ಉಳಿದೇ ಇರುತ್ತದೆ.